ಚಂದ್ರ ಭೂಮಿಯ ತುಂಡೇ?

“ಚಂದ್ರ ಭೂಮಿಯಿಂದ ಒಡೆದು ಹೋದ ತುಂಡಂತೆ, ನಿಜವಾ?” ಕಲ್ಲುಗಳ ರಸಾಯನದ ಬಗ್ಗೆ ಮಾತು ತೆಗೆದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಬಹುಪಾಲು ಹೌದು ಎನ್ನುತ್ತೇನೆ. ಆ ಬಹುಪಾಲು ಎಷ್ಟು ಎಂಬುದರಲ್ಲೇ ಇರುವುದು ಜಗಳ.

1969ರಿಂದ 1972ರ ನಡುವೆ ಅಪೊಲೊ ಯಾತ್ರಿಗಳು 382 ಕೆ.ಜಿ. ಕಲ್ಲು ಮಣ್ಣು ಹೊತ್ತು ತಂದರು. ಎಲ್ಲೋ ಅಲೆಯುತ್ತಿದ್ದ ಕಾಯವನ್ನು ಭೂಮಿ ಸೆಳೆದುಕೊಂಡಿತು ಎಂಬ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ಆ ಕಲ್ಲುಗಳೊಳಗಿನ ಆಮ್ಲಜನಕ. ಆಮ್ಲಜನಕಕ್ಕೆ 16, 17, 18 ಎಂಬ ಮೂರು ಐಸೋಟೋಪುಗಳಿವೆ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು. ಸೌರವ್ಯೂಹದಲ್ಲಿ ಹುಟ್ಟಿದ ಜಾಗ ಬೇರೆಯಾದರೆ ಇವುಗಳ ಪ್ರಮಾಣವೂ ಸಾಮಾನ್ಯವಾಗಿ ಬೇರೆ. ಮಂಗಳದಿಂದ ಬಂದ ಉಲ್ಕಾಶಿಲೆಗಳಲ್ಲಿ ಆ ವ್ಯತ್ಯಾಸ ಸ್ಪಷ್ಟ. ಚಂದ್ರನ ಕಲ್ಲಿಗೂ ಭೂಮಿಯ ಕಲ್ಲಿಗೂ ನಡುವಿನ ವ್ಯತ್ಯಾಸವಾದರೋ, ಅಳೆಯುವವರೇ ಇದೆ, ಇಲ್ಲ ಎಂದು ವಾದಿಸುವಷ್ಟು ಸಣ್ಣದು.

ಹಾಗಾದರೆ ಎರಡೂ ಒಂದೇ ಧೂಳಿನಿಂದ ಜೊತೆಯಾಗಿ ಹುಟ್ಟಿದವೇ? ಆಗ ಕಬ್ಬಿಣದಲ್ಲೂ ಸಮಪಾಲು ಸಿಗಬೇಕಿತ್ತು. ಭೂಮಿಯ ತೂಕದ ಸುಮಾರು ಮೂರನೇ ಒಂದು ಭಾಗ ಅದರ ಕಬ್ಬಿಣದ ತಿರುಳು. ಚಂದ್ರನ ತಿರುಳು ಶೇ. 1-2 ಮಾತ್ರ. ಜೊತೆಗೆ, ಬೇಗ ಆವಿಯಾಗುವ ಸೋಡಿಯಂ, ಪೊಟ್ಯಾಶಿಯಂ, ಸತು ಚಂದ್ರನಲ್ಲಿ ಕಡಿಮೆ. ಉಳಿದಿರುವ ಸತುವಿನಲ್ಲಿ ಭಾರದ ಐಸೋಟೋಪುಗಳ ಪಾಲು ಹೆಚ್ಚು, ಏಕೆಂದರೆ ಹಗುರವಾದವು ಮೊದಲು ಹಾರಿಹೋಗುತ್ತವೆ. ಕುದಿದ ಗುರುತು ಇಷ್ಟು ಸ್ಪಷ್ಟವಾಗಿ ಉಳಿದಿರುವುದು ನನಗೆ ಇಂದಿಗೂ ವಿಸ್ಮಯ.

1975ರಲ್ಲಿ ವಿಜ್ಞಾನಿಗಳಾದ ಹಾರ್ಟ್‌ಮನ್ ಮತ್ತು ಡೇವಿಸ್ ಮುಂದಿಟ್ಟ ಡಿಕ್ಕಿಯ ವಾದಕ್ಕೆ ಇವೆಲ್ಲ ಹೊಂದುತ್ತವೆ. ಸುಮಾರು 450 ಕೋಟಿ ವರ್ಷಗಳ ಹಿಂದೆ ಒಂದು ದೊಡ್ಡ ಕಾಯ ಭೂಮಿಗೆ ಅಪ್ಪಳಿಸಿತು. ಸಿಡಿದ ಹೊರಪದರಗಳ ಕರಗಿದ ಕಲ್ಲು ಒಟ್ಟುಗೂಡಿ ಚಂದ್ರನಾಯಿತು. ಆ ಕಾಯಕ್ಕೆ ಈಗ ಥಿಯಾ ಎಂದು ಹೆಸರು.

ತೊಡಕು ಇಲ್ಲೇ. ಹಳೆಯ ಗಣಕ ಲೆಕ್ಕಗಳ ಪ್ರಕಾರ ಚಂದ್ರನ ಬಹುಪಾಲು ಥಿಯಾದ್ದೇ ಆಗಬೇಕು. ಥಿಯಾ ಭೂಮಿಯ ನೆರೆಯಲ್ಲೇ ಹುಟ್ಟಿದ್ದರೆ ಆಮ್ಲಜನಕ ಹೊಂದೀತು, ಒಪ್ಪೋಣ. ಟಂಗ್‌ಸ್ಟನ್ ಎಂಬ ಲೋಹದ ಮಾತು ಹಾಗಲ್ಲ. ಒಂದು ಕಾಯದೊಳಗೆ ಕಬ್ಬಿಣ ಯಾವಾಗ, ಹೇಗೆ ತಳಕ್ಕಿಳಿಯಿತು ಎಂಬುದರ ಮೇಲೆ ಅದರ ಮೇಲ್ಪದರದಲ್ಲಿ ಟಂಗ್‌ಸ್ಟನ್-182 ಎಂಬ ಐಸೋಟೋಪಿನ ಪ್ರಮಾಣ ನಿಲ್ಲುತ್ತದೆ. ಆಮೇಲೆ ಬಿದ್ದ ಉಲ್ಕೆಗಳ ಪಾಲನ್ನು ಕಳೆದರೆ ಅದೂ ಎರಡರಲ್ಲಿ ಹೆಚ್ಚುಕಡಿಮೆ ಒಂದೇ. ನೆರೆಯವರಾದ ಮಾತ್ರಕ್ಕೆ ಈ ಹೊಂದಿಕೆ ಬರುವುದು ಕಷ್ಟ. ಆದ್ದರಿಂದ ನನ್ನ ಒಲವು ಇನ್ನೊಂದು ಕಡೆಗೆ: ಡಿಕ್ಕಿಯ ರಭಸಕ್ಕೆ ಎರಡರ ಕಲ್ಲೂ ಕರಗಿ, ಆವಿಯಾಗಿ ಬೆರೆತಿರಬೇಕು.

ಪೂರ್ತಿ ಬೆರೆಯಿತೇ? ಚಂದ್ರನ ಆಳದಿಂದ ಉಕ್ಕಿಬಂದ ಮಾದರಿಗಳ ಆಮ್ಲಜನಕ ಭೂಮಿಯದಕ್ಕಿಂತ ತುಸು ಹೆಚ್ಚೇ ಬೇರೆಯೆಂದು 2020ರ ಅಧ್ಯಯನವೊಂದು ಹೇಳಿತು. ಆ ಮಾತು ನಿಜವೆಂದು ನಿಂತರೆ, ಥಿಯಾದ ಒಂದಿಷ್ಟು ಪಾಲು ಅಲ್ಲಿ ಕೆಳಗೆ ಇನ್ನೂ ಬೆರೆಯದೆ ಉಳಿದಿದೆ.