ರಷ್ಯದ ಕುಣಿತದ ಸಂಗೀತವೆಲ್ಲ ಪಶ್ಚಿಮದ ನಕಲೇ?

ರಷ್ಯದ ಎಲೆಕ್ಟ್ರಾನಿಕ್ ಸಂಗೀತದ ಬಗ್ಗೆ ಬರೆದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಎದುರಾಗುತ್ತದೆ. ಕೇಳುವವರು ಬೇರೆ, ಕೇಳುವ ಧಾಟಿ ಬೇರೆ, ತಿರುಳು ಮಾತ್ರ ಇಷ್ಟೇ: ಕುಣಿತದ ಸಂಗೀತದಲ್ಲಿ ಹೌಸ್ ಎಂಬ ಶೈಲಿ ಹುಟ್ಟಿದ್ದು ಶಿಕಾಗೊದಲ್ಲಿ, ಟೆಕ್ನೊ ಎಂಬ ಶೈಲಿ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಿ, ಇದರಲ್ಲಿ ರಷ್ಯದ್ದು ಎನ್ನುವಂಥದ್ದು ಏನಿದೆ? ಟ್ರ್ಯಾಕ್‌ಸೂಟ್ ತೊಟ್ಟು ಕುಕ್ಕರುಗಾಲಿನಲ್ಲಿ ಕುಳಿತ ಹುಡುಗರ ವಿಡಿಯೊಗಳನ್ನು ಬಿಟ್ಟರೆ?

ತಾಳ ಹೊರಗಿನದು ಎಂದು ಒಪ್ಪಲು ನನಗೇನೂ ಸಂಕೋಚವಿಲ್ಲ. ಆದರೆ ಆ ತಾಳ ಬಂದಿಳಿಯುವ ಎಷ್ಟೋ ಮೊದಲೇ ಅಲ್ಲಿ ಯಂತ್ರಗಳಿದ್ದವು. ಬಂದ ಮೇಲೆ ಅದಕ್ಕೆ ಸಿಕ್ಕ ಕಟ್ಟಡಗಳಂತೂ ಶಿಕಾಗೊಗಾಗಲಿ ಲಂಡನ್ನಿಗಾಗಲಿ ಸಿಗುವಂಥವಲ್ಲ. ನನ್ನ ಉತ್ತರದ ಬಹುಪಾಲು ಆ ಕಟ್ಟಡಗಳ ಕುರಿತೇ ಇದೆ. ಯಂತ್ರಗಳನ್ನು ಮೊದಲು ನೋಡಿಬಿಡೋಣ.

ಲೆವ್ ತೆರೆಮಿನ್ 1920ರ ಸುಮಾರಿಗೆ ಮಾಡಿದ, ಮುಟ್ಟದೆಯೇ ನುಡಿಸುವ ವಾದ್ಯದ ಕಥೆ ಬಹಳ ಮಂದಿಗೆ ಗೊತ್ತು. ಆತ ಅದನ್ನು 1922ರಲ್ಲಿ ಲೆನಿನ್ ಎದುರೇ ನುಡಿಸಿ ತೋರಿಸಿದ. ನನಗೆ ಅದಕ್ಕಿಂತ ಸೋಜಿಗವೆನಿಸುವುದು ಯೆವ್ಗೆನಿ ಮುರ್ಜಿನ್ ಎಂಬ ಸೇನೆಯ ಎಂಜಿನಿಯರ್ ಕಟ್ಟಿದ ಎಎನ್‌ಎಸ್ ಎಂಬ ಸಂಗೀತಯಂತ್ರ. 1930ರ ದಶಕದ ಕೊನೆಯಲ್ಲಿ ಅದರ ಕಲ್ಪನೆ ಮೂಡಿತು, ಯಂತ್ರ ಸಿದ್ಧವಾದದ್ದು 1950ರ ದಶಕದ ಕೊನೆಗೆ. ಹೆಸರು ಸಂಗೀತಗಾರ ಅಲೆಕ್ಸಾಂಡರ್ ನಿಕೊಲಾಯೆವಿಚ್ ಸ್ಕ್ರಿಯಾಬಿನ್ ಅವರ ಮೊದಲಕ್ಷರಗಳಿಂದ ಬಂದದ್ದು. ಕಪ್ಪು ಲೇಪ ಬಳಿದ ಗಾಜಿನ ಹಲಗೆಯ ಮೇಲೆ ಸಂಗೀತಗಾರ ಗೀರುತ್ತಾನೆ; ಗೀರಿನ ಮೂಲಕ ಬೆಳಕು ಹಾದುಹೋಗುತ್ತದೆ; ಬೆಳಕು ಹಾದ ಜಾಗಕ್ಕೆ ತಕ್ಕ ಸ್ವರ ಹೊರಡುತ್ತದೆ. ಒಟ್ಟು 720 ಸ್ವರಗಳು, ಒಂದೊಂದು ಸಪ್ತಕಕ್ಕೆ 72. ಕೀಲಿಮಣೆಯೂ ಬೇಡ, ಸ್ವರಲಿಪಿಯೂ ಬೇಡ, ವಾದಕನಂತೂ ಬೇಡವೇ ಬೇಡ. 1972ರ ‘ಸೊಲಾರಿಸ್’ ಚಿತ್ರಕ್ಕೆ ಎಡ್ವರ್ಡ್ ಆರ್ತೆಮ್ಯೆವ್ ಸಂಗೀತ ಮಾಡಿದ್ದು ಈ ಯಂತ್ರವನ್ನು ಬಳಸಿಕೊಂಡು. ಆರ್ತೆಮ್ಯೆವ್ ಹೆಸರನ್ನು ನೆನಪಿಟ್ಟುಕೊಳ್ಳಿ, ಅವರು ಮತ್ತೆ ಬರುತ್ತಾರೆ.

ಕುಣಿಯುವವರ ಪಾಡು ಬೇರೆಯೇ ಇತ್ತು. ಸೋವಿಯತ್ ಡಿಸ್ಕೊಥೆಕ್‌ಗಳು ಕಮ್ಯುನಿಸ್ಟ್ ಪಕ್ಷದ ಯುವ ಸಂಘವಾದ ಕಮ್ಸಮೋಲ್‌ನ ಉಸ್ತುವಾರಿಯಲ್ಲಿ ನಡೆಯುತ್ತಿದ್ದವು. ಮೊದಲು ಸಂಗೀತದ ಬಗ್ಗೆ ತಿಳಿವಳಿಕೆಯ ಉಪನ್ಯಾಸ, ಆಮೇಲೆ ಕುಣಿತ. ಉಕ್ರೇನಿನ ನಿಕೊಲಾಯೆವ್ ನಗರದ ಕಮ್ಸಮೋಲ್ ಘಟಕ 1985ರಲ್ಲಿ ಹಂಚಿದ ಒಂದು ಪಟ್ಟಿ ಈಗಲೂ ನಗೆಯುಕ್ಕಿಸುತ್ತದೆ: ಯಾವ ಪಾಶ್ಚಾತ್ಯ ಗಾಯಕರನ್ನು ಏಕೆ ದೂರವಿಡಬೇಕು ಎಂದು ಹೆಸರಿನ ಎದುರು ಕಾರಣ ಬರೆದಿದ್ದಾರೆ. ಡೊನಾ ಸಮ್ಮರ್ ಎದುರು ಕಾಮಪ್ರಚೋದನೆ ಎಂದಿದೆ. ಪಾಪ, ಹೂಲಿಯೊ ಇಗ್ಲೆಸಿಯಾಸ್ ಎದುರು ನವಫ್ಯಾಸಿಸಂ! ಇದೇ ದೇಶದಲ್ಲಿ 1980ರಲ್ಲಿ ಲ್ಯಾಟ್ವಿಯಾದ ರೀಗಾ ನಗರದ ‘ಝೊಡಿಯಾಕ್’ ತಂಡದ ಸಿಂಥಸೈಜರ್ ಡಿಸ್ಕೊವನ್ನು ಸರ್ಕಾರಿ ಕಂಪನಿ ಮೆಲೋದಿಯಾ ತಾನೇ ಹೊರತಂದಿತ್ತು. ನಮ್ಮ ಮಿಥುನ್ ಚಕ್ರವರ್ತಿಯ ‘ಡಿಸ್ಕೊ ಡಾನ್ಸರ್’ 1984ರಲ್ಲಿ ಅಲ್ಲಿ ತೆರೆಕಂಡಾಗ ಮಾರಾಟವಾದ ಟಿಕೆಟ್‌ಗಳು ಸುಮಾರು 6 ಕೋಟಿ. ಕುಣಿಯುವ ಹಸಿವಿಗೇನೂ ಬರವಿರಲಿಲ್ಲ ಎಂದಾಯಿತು.

ಇನ್ನು ಕಟ್ಟಡಗಳಿಗೆ ಬರೋಣ. 1980ರ ದಶಕದ ಲೆನಿನ್‌ಗ್ರಾದಿನಲ್ಲಿ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಇಗೊರ್ ವೆರಿಚೆವ್ ಮತ್ತು ವಲೇರಿ ಅಲಾಹೊವ್ ಎಂಬಿಬ್ಬರು ‘ಹೊಸ ಸಂಗೀತ ಸಂಯೋಜಕರು’ ಎಂದು ತಮ್ಮನ್ನು ಕರೆದುಕೊಂಡು ಟೇಪು ಕತ್ತರಿಸಿ ಅಂಟಿಸಿ ಸಂಗೀತ ಮಾಡುತ್ತಿದ್ದರು. ಅವರ ಠಿಕಾಣಿ ನಗರದ ತಾರಾಲಯ. ಮಕ್ಕಳಿಗೆ ನಕ್ಷತ್ರ ತೋರಿಸಲೆಂದು ಸರ್ಕಾರ ಕಟ್ಟಿಸಿದ ಗುಮ್ಮಟ ಇವರ ಪಾಲಿಗೆ ಸಂಗೀತ ಶಾಲೆಯಾಯಿತು. ಪಶ್ಚಿಮದ ತಾಳವೂ ಹತ್ತಿರ ಬರತೊಡಗಿತ್ತು: 1987ರಲ್ಲಿ ಬರ್ಲಿನ್ನಿನ ಡಿಜೆ ವೆಸ್ಟ್‌ಬಾಮ್ ರೀಗಾಕ್ಕೆ ಬಂದು ನುಡಿಸಿ ಹೋದ. ಆ ಹೊತ್ತಿಗೆ ಲೆನಿನ್‌ಗ್ರಾದಿನ ಹಳೆಯ ಬಡಾವಣೆಗಳಲ್ಲಿ ಇನ್ನೊಂದು ವಿಚಿತ್ರ ನಡೆದಿತ್ತು: ದೊಡ್ಡ ದುರಸ್ತಿಗೆಂದು ಮನೆಗಳನ್ನು ಖಾಲಿ ಮಾಡಿಸಿದ್ದ ಆಡಳಿತದ ಬಳಿ ದುರಸ್ತಿ ಮಾಡಿಸಲು ಹಣವಿರಲಿಲ್ಲ. ಎತ್ತರದ ಚಾವಣಿಯ, ಕೆತ್ತನೆಯ ಗೋಡೆಗಳ ಆ ಮನೆಗಳಿಗೆ ಕಲಾವಿದರು ಯಾರನ್ನೂ ಕೇಳದೆ ನುಗ್ಗಿ ನೆಲೆಸಿದರು. ಫೊಂತಾಂಕಾ ನದಿಯ ದಂಡೆಯ 145ನೇ ನಂಬರಿನ ಮನೆಯಲ್ಲಿ ಅಲೆಕ್ಸೇಯ್ ಮತ್ತು ಆಂದ್ರೇಯ್ ಹಾಸ್ ಸಹೋದರರು 1989ರಲ್ಲಿ ಹೌಸ್ ಸಂಗೀತದ ಕೂಟಗಳನ್ನು ಶುರುಮಾಡಿದರು. ರಷ್ಯದ ರೇವ್‌ಗಳ, ಅಂದರೆ ಇರುಳಿಡೀ ಕುಣಿಯುವ ಕೂಟಗಳ, ಚರಿತ್ರೆ ಬರೆಯುವವರು ಆರಂಭಿಸುವುದು ಸಾಮಾನ್ಯವಾಗಿ ಈ ವಿಳಾಸದಿಂದಲೇ.

ಅಲ್ಲಿಂದ ಈ ಕೂಟಗಳು ಹಾರಿದ್ದು ಮಾಸ್ಕೋಗೆ, ಅದೂ ಎಂಥ ಜಾಗಕ್ಕೆ! ವೆದೆಎನ್‌ಹಾ ಎಂಬ ಸರ್ಕಾರಿ ವಸ್ತುಪ್ರದರ್ಶನ ಮೈದಾನದ ‘ಕೋಸ್ಮೊಸ್’ ಮಂಟಪ ಸೋವಿಯತ್ ಬಾಹ್ಯಾಕಾಶ ಸಾಧನೆಗಳ ದೇಗುಲದಂತಿತ್ತು. 1991ರ ಡಿಸೆಂಬರ್ 14ರ ರಾತ್ರಿ ಅಲ್ಲಿ ‘ಗಗಾರಿನ್ ಪಾರ್ಟಿ’ ನಡೆಯಿತು. ಉಪಗ್ರಹಗಳ, ಗಗನನೌಕೆಗಳ ಕೆಳಗೆ ಜನ ಬೆಳಗಿನವರೆಗೆ ಕುಣಿದರು. ಹನ್ನೊಂದು ದಿನಗಳ ಬಳಿಕ ಸೋವಿಯತ್ ಅಧ್ಯಕ್ಷ ಗೊರ್ಬಚೆವ್ ರಾಜೀನಾಮೆ ಕೊಟ್ಟರು. ಅಂದರೆ ದೇಶ ಇನ್ನೂ ಕಾಗದದ ಮೇಲೆ ಉಸಿರಾಡುತ್ತಿದ್ದಾಗಲೇ ಅದರ ಹೆಮ್ಮೆಯ ಮಂಟಪ ಬಾಡಿಗೆಗೆ ಸಿಗುತ್ತಿತ್ತು! ಈ ಒಂದು ಸಂಗತಿಯೇ ನನ್ನ ವಾದಕ್ಕೆ ಸಾಕು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಲಂಡನ್ನಿನ ಹುಡುಗರು ಗೋದಾಮುಗಳಲ್ಲಿ ಕುಣಿದರು. ಆ ಗೋದಾಮುಗಳು ಯಾರದೋ ವ್ಯಾಪಾರದ ಅವಶೇಷ. ಇಲ್ಲಿಯವರಿಗೆ ಸಿಕ್ಕದ್ದು ಒಂದು ಸಿದ್ಧಾಂತದ, ಅದು ಕೊಟ್ಟಿದ್ದ ಭವಿಷ್ಯದ ಭರವಸೆಯ ಅವಶೇಷ. ಅದೇ ನಾಲ್ಕು ಬಡಿತದ ತಾಳ ಅಲ್ಲಿ ಬೇರೆ ಅರ್ಥ ಕೊಟ್ಟಿತು.

ಆಮೇಲಿನದು ಸಾಲಾಗಿ ಬಂತು. 1993ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ‘ತನೇಲ್’ ಎಂಬ ಟೆಕ್ನೊ ಕ್ಲಬ್ ತೆರೆಯಿತು, ಬಾಂಬ್ ದಾಳಿಯಿಂದ ಜನರನ್ನು ಕಾಪಾಡಲು ಕಟ್ಟಿದ್ದ ನೆಲದಡಿಯ ಆಶ್ರಯತಾಣದಲ್ಲಿ. ಕ್ರಿಮಿಯಾದ ಶ್ಚೋಲ್ಕಿನೊ ಬಳಿ ಚೆರ್ನೊಬಿಲ್ ದುರಂತದ ನಂತರ ಅರ್ಧಕ್ಕೆ ಕೈಬಿಟ್ಟ ಅಣುಸ್ಥಾವರವಿತ್ತು. ಅದರ ರಿಯಾಕ್ಟರ್ ಕಟ್ಟಡದೊಳಗೆ ಕಜಾಂತಿಪ್ ಉತ್ಸವದವರು 1990ರ ದಶಕದಲ್ಲಿ ರೇವ್ ನಡೆಸಿದರು. (ಅದು ರಷ್ಯದ ನೆಲವಲ್ಲ, ಉಕ್ರೇನಿನದು. ಕುಣಿಯಲು ಬಂದವರಲ್ಲಿ ರಷ್ಯನ್ನರು ಬಹಳವಿದ್ದರು ಎಂಬ ಕಾರಣಕ್ಕೆ ಅನೇಕರು ಅದನ್ನು ರಷ್ಯದ ಲೆಕ್ಕಕ್ಕೆ ಬರೆಯುತ್ತಾರೆ. 2014ರಲ್ಲಿ ಕ್ರಿಮಿಯಾವನ್ನು ರಷ್ಯ ವಶಪಡಿಸಿಕೊಂಡ ವರ್ಷ ಉತ್ಸವ ಜಾರ್ಜಿಯಾಕ್ಕೆ ಹೋಯಿತು.)

ಈ ಕಟ್ಟಡಗಳಾಚೆಗೂ ಒಂದು ಮಾತು ಹೇಳಬೇಕು: ರಷ್ಯನ್ನರಿಗೆ ರಾಗವಿಲ್ಲದೆ ಕುಣಿಯುವುದು ಅಷ್ಟಾಗಿ ಒಗ್ಗಲಿಲ್ಲ. ಒಂದು ವಿಷಾದದ ಎಳೆ ಬೇಕೇ ಬೇಕು. ರಸ್ತೋವ್-ನಾ-ದನು ನಗರದ ಪಿಪಿಕೆ ಎಂಬ ಜೋಡಿ, ಅಂದರೆ ಸೆರ್ಗೇಯ್ ಪಿಮೆನೊವ್ ಮತ್ತು ಅಲೆಕ್ಸಾಂಡರ್ ಪೊಲ್ಯಾಕೊವ್, 1979ರ ‘ಸಿಬಿರಿಯಾದಾ’ ಚಿತ್ರಕ್ಕೆ ಆರ್ತೆಮ್ಯೆವ್ ಮಾಡಿದ್ದ ರಾಗವನ್ನು ಅವರ ಒಪ್ಪಿಗೆ ಪಡೆದು ಟ್ರಾನ್ಸ್ ಎಂಬ ಕುಣಿತದ ಶೈಲಿಯ ತಾಳಕ್ಕೆ ಕೂರಿಸಿತು. ಇಂಟರ್‌ನೆಟ್ಟಿನಲ್ಲಿ ಹರಿದಾಡಿದ ಆ ‘ರಿಸರೆಕ್ಷನ್’ 2001ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ಗಾಜಿನ ಹಲಗೆ ಗೀರುತ್ತಿದ್ದ ಸಂಗೀತಗಾರ ಕೊನೆಗೆ ಲಂಡನ್ನಿನ ಕ್ಲಬ್ಬುಗಳಿಗೆ ಬಂದದ್ದು ಹೀಗೆ. ಇನ್ನೊಂದು ಉದಾಹರಣೆ ನಿಮಗೂ ಗೊತ್ತಿರುವುದೇ. 2000ರಲ್ಲಿ ಜರ್ಮನಿಯಲ್ಲಿ ಮೊದಲ ಸ್ಥಾನ ಪಡೆದು ಜಗತ್ತೆಲ್ಲ ಸುತ್ತಿದ, ‘ಲಾ ಲಾ ಲಾ’ ಎಂದು ಹಾಡುವ ಎಟಿಸಿ ತಂಡದ ಗೀತೆಯ ಮೂಲ ‘ರೂಕಿ ವ್ವೆರ್ಹ್’ ಎಂಬ ರಷ್ಯನ್ ಪಾಪ್ ಜೋಡಿಯ ಹಾಡು. ನಕಲಿನ ಪ್ರಶ್ನೆ ಕೇಳುವವರು ಈ ದಿಕ್ಕಿನ ಸಾಗಣೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ಹೇಳಿದ ಆ ಟ್ರ್ಯಾಕ್‌ಸೂಟ್ ಹುಡುಗರ ಸಂಗೀತಕ್ಕೆ ಹಾರ್ಡ್‌ಬಾಸ್ ಎನ್ನುತ್ತಾರೆ. ಸೇಂಟ್ ಪೀಟರ್ಸ್‌ಬರ್ಗಿನ ಕೂಸು, ವೇಗ ಹೆಚ್ಚು, ರಬ್ಬರಿನಂತೆ ಪುಟಿಯುವ ಬಾಸ್ (ತಗ್ಗಿನ ಸ್ವರ). ಮೊದಲು ಬಡಾವಣೆಯ ಹುಡುಗರ ಸಂಗೀತವಾಗಿತ್ತು, ಆಮೇಲೆ ಇಂಟರ್‌ನೆಟ್ಟಿನ ತಮಾಷೆಯಾಯಿತು. ನನಗೆ ಮೂರು ಹಾಡು ಕೇಳುವಷ್ಟರಲ್ಲಿ ಸಾಕೆನಿಸುತ್ತದೆ. ಇದೊಂದನ್ನೇ ಕೇಳಿ ರಷ್ಯವನ್ನು ಅಳೆಯುವುದು ಅನ್ಯಾಯ.

2010ರ ದಶಕದಿಂದೀಚೆಗೆ ಕಟ್ಟಡಗಳ ಕಥೆ ತಿರುವುಮುರುವಾಯಿತು. ಮಾಸ್ಕೋದ ಹಳೆಯ ಅನಿಲ ಕಾರ್ಖಾನೆಯಲ್ಲಿದ್ದ ‘ಅರ್ಮಾ17’ ಯುರೋಪಿನ ಒಳ್ಳೆಯ ಕ್ಲಬ್ಬುಗಳ ಸಾಲಿಗೆ ಸೇರಿತ್ತು. 2014ರಲ್ಲಿ ಅದು ಮುಚ್ಚಿತು. ಅದೇ ತಂಡದ ‘ಔಟ್‌ಲೈನ್’ ಉತ್ಸವ 2016ರಲ್ಲಿ ಕೊನೆಯ ಗಳಿಗೆಯಲ್ಲಿ ರದ್ದಾಯಿತು. ಬಾಲ್ ಬೇರಿಂಗ್ ಕಾರ್ಖಾನೆಯ ಜಾಗದಲ್ಲಿ ಬೆಳೆದ ‘ಮುತಬೋರ್’ ಕ್ಲಬ್ಬಿನಲ್ಲಿ 2023ರ ಡಿಸೆಂಬರ್‌ನಲ್ಲಿ ನಡೆದ ಅರೆಬೆತ್ತಲೆ ಉಡುಪಿನ ಪಾರ್ಟಿಗೆ ಸಂಪ್ರದಾಯವಾದಿಗಳು ಕೆರಳಿದರು. ಒಬ್ಬ ರ್‍ಯಾಪರ್ 15 ದಿನಗಳ ಸೆರೆಶಿಕ್ಷೆಗೆ ಗುರಿಯಾದ, ನ್ಯಾಯಾಲಯ ಕ್ಲಬ್ಬಿಗೆ 90 ದಿನ ಬೀಗ ಹಾಕಿಸಿತು. ತಾನು ಬಿಟ್ಟುಹೋಗಿದ್ದ ಕಟ್ಟಡಗಳೊಳಗೆ ಏನು ನಡೆಯುತ್ತಿದೆ ಎಂದು ಪ್ರಭುತ್ವ ಮತ್ತೆ ಇಣುಕಿ ನೋಡತೊಡಗಿದೆ.

2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಶುರುವಾದ ಬಳಿಕ ಹಲವು ಸಂಗೀತಗಾರರು ದೇಶ ತೊರೆದು ಬರ್ಲಿನ್, ಟಿಬಿಲಿಸಿ, ಯೆರೆವಾನ್‌ಗಳಲ್ಲಿ ನೆಲೆಸಿದರು. ದಂತವೈದ್ಯೆಯಾಗಿದ್ದು ಡಿಜೆಯಾಗಿ ಜಗತ್ಪ್ರಸಿದ್ಧಳಾದ ಇರ್ಕುತ್ಸ್ಕ್‌ನ ನೀನಾ ಕ್ರಾವಿಟ್ಸ್ ಯುದ್ಧದ ಬಗ್ಗೆ ಆಡಿದ, ಆಡದ ಮಾತುಗಳಿಗಾಗಿ ಟೀಕೆಗೊಳಗಾದಳು. ಅವಳ ಲೇಬಲ್ಲಿನ (ಧ್ವನಿಮುದ್ರಿಕೆ ಹೊರತರುವ ಸಂಸ್ಥೆಯ) ವಿತರಣೆಯನ್ನು ನೆದರ್‌ಲ್ಯಾಂಡ್ಸ್‌ನ ಕ್ಲೋನ್ ಸಂಸ್ಥೆ ಕೈಬಿಟ್ಟಿತು. ಇದರಲ್ಲಿ ನನ್ನ ಮನಸ್ಸು ಇನ್ನೂ ಇಬ್ಬಗೆಯಾಗಿದೆ. ಕಲಾವಿದೆಯ ಮೌನ ಅಪರಾಧವೆನ್ನಲು ನಾಲಗೆ ಏಳುವುದಿಲ್ಲ, ಕೀವ್‌ನಲ್ಲಿ ಕುಳಿತ ಡಿಜೆಗೆ ಆ ಮೌನ ಹೇಗೆ ಕೇಳಿಸೀತು ಎಂಬುದನ್ನೂ ಮರೆಯಲಾಗುವುದಿಲ್ಲ.

ಎಲ್ಲಿಂದ ಕೇಳಲು ಶುರುಮಾಡಲಿ ಎಂಬುದು ನಕಲಿನ ಪ್ರಶ್ನೆಯ ಹಿಂದೆಯೇ ಬರುವ ಪ್ರಶ್ನೆ. ‘ಸಿಬಿರಿಯಾದಾ’ದ ಆರ್ತೆಮ್ಯೆವ್ ರಾಗವನ್ನು ಮೊದಲು ಕೇಳಿ, ಅದು ಕಿವಿಯಲ್ಲಿ ಉಳಿದಿರುವಾಗಲೇ ಪಿಪಿಕೆಯನ್ನು ಹಾಕಿ. ನಂತರ ಝೊಡಿಯಾಕ್. ಹೊಸದು ಬೇಕೆಂದರೆ ಮಾಸ್ಕೋದ ‘ಗೋಸ್ತ್ ಜ್ವುಕ್’ ಲೇಬಲ್ಲಿನ ಬಿಡುಗಡೆಗಳಿವೆ. ಹಳೆಯ ಸೋವಿಯತ್ ಧ್ವನಿಮುದ್ರಿಕೆಗಳ ಚೂರುಗಳು ಅವುಗಳಲ್ಲಿ ಆಗಾಗ ಕಿವಿಗೆ ಬೀಳುತ್ತವೆ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಬಾಸ್ ಪೂರ್ತಿ ಸತ್ತುಹೋಗುತ್ತದೆ.