ಹಾಲಿನ ಚೀಟಿಯ ಅರ್ಥಗಾರಿಕೆ

ಉಡುಪಿ ಹತ್ತಿರದ ಹಾಲು ಉತ್ಪಾದಕರ ಸಂಘವೊಂದರ ವಾರ್ಷಿಕ ಮಹಾಸಭೆ. ವರದಿ ವಾಚನ ಮುಗಿಯಿತು. ಮಾತಿಗೆ ನಿಂತ ಅಧ್ಯಕ್ಷರು ‘ಹನಿಗೂಡಿದರೆ ಹಳ್ಳ’ ಎನ್ನುತ್ತ ನೇರ 1928ಕ್ಕೆ ಹೋದರು: ಇದೇ ಉಡುಪಿಯಲ್ಲಿ ಪಿಗ್ಮಿ ಎಂಬ ದಿನದಿನದ ಉಳಿತಾಯ ಠೇವಣಿ ಶುರುವಾದದ್ದು, ದಿನಕ್ಕೆ ಎರಡಾಣೆಯಿಂದ ಮನೆಬಾಗಿಲಲ್ಲೇ ಹಣ ಸಂಗ್ರಹಿಸಿದ್ದು. ಕಥೆ ಒಳ್ಳೆಯದೇ. ಹೊಸ ಪಿಗ್ಮಿ ಏಜೆಂಟರಿಗೆ ಹೇಳಿದರೆ ಕೆಲಸಕ್ಕೂ ಬರುತ್ತದೆ. ಆದರೆ ಇಲ್ಲಿ ಕೂತವರ ತಲೆಯಲ್ಲಿದ್ದದ್ದು ಹಾಲಿನ ರೇಟು.

ಹಿಂದಿನ ಸಾಲಿನಿಂದ ಒಬ್ಬ ಮಹಿಳೆ ಎದ್ದರು: “ನಮ್ಮದೂ ಪಕ್ಕದ ಮನೆಯದ್ದೂ ಜೆರ್ಸಿ ದನವೇ. ನನ್ನ ಹಾಲಿಗೆ ಮಾತ್ರ ರೇಟು ಕಮ್ಮಿ ಯಾಕೆ?”

ಇಂಥಲ್ಲಿ ದರಪಟ್ಟಿ ಓದಿದರೆ ಯಾರ ತಲೆಗೂ ಹೋಗುವುದಿಲ್ಲ. “ಸಂಘ ನಿಮ್ಮದೇ ಅಲ್ವಾ” ಎಂದರಂತೂ ಸಂಶಯ ಇನ್ನಷ್ಟು ಬಲಿಯುತ್ತದೆ. ಕಾರ್ಯದರ್ಶಿ ಎರಡನ್ನೂ ಮಾಡದೆ ಅವರ ಹಾಲಿನ ಚೀಟಿ ಕೇಳಿ ಪಡೆದರು. ಜಿಡ್ಡು ಶೇ. 3.2. ರೇಟು ಇಳಿದದ್ದು ಅಲ್ಲೇ.

“ಅಕ್ಕ, ಕರುವನ್ನು ಯಾವಾಗ ಬಿಡ್ತೀರಿ?”

“ಕರೆದಾದ ಮೇಲೆ. ಅದಕ್ಕೂ ಸ್ವಲ್ಪ ಕೆಚ್ಚಲಲ್ಲಿ ಉಳಿಸ್ತೇನೆ.”

ಮೊದಲು ಬರುವ ಹಾಲು ತೆಳು, ಜಿಡ್ಡು ಹೆಚ್ಚಿರುವುದು ಕೊನೆಯ ಹಾಲಿನಲ್ಲಿ. ಅದು ಕರುವಿನ ಪಾಲಾಗುತ್ತಿತ್ತು. ಅಲ್ಲಿಂದ ಕಾರ್ಯದರ್ಶಿ ಹಾಲು ನಡೆದ ದಾರಿಯನ್ನೇ ಹೇಳುತ್ತ ಬಂದರು. ಮಳೆಗಾಲದ ಎಳೆ ಹುಲ್ಲಿನಲ್ಲಿ ನಾರು ಕಡಿಮೆ. ಜೊತೆಗೆ ಬೈಹುಲ್ಲು ಹಾಕದಿದ್ದರೆ ಜಿಡ್ಡು ಇಳಿಯುತ್ತದೆ. ನೀರು ಬೆರೆತರೆ ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್‌ನ ಅಂಕ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದವನ ಹಾಲು ಅದೊಂದರಲ್ಲೇ ಪಾಸಾಗಿಬಿಡಬಹುದು, ಹಾಗಾಗಿ ಜಿಡ್ಡನ್ನೂ ನೋಡಲೇಬೇಕು. ನಿಂತ ಹಾಲಿನ ಕೆನೆ ಮೇಲೆ ಬರುತ್ತದೆ; ಕಲಕದೆ ತೆಗೆದ ಸ್ಯಾಂಪಲ್ ಸುಳ್ಳು ಹೇಳುತ್ತದೆ.

ತಾಳಮದ್ದಳೆ ಕೇಳಿ ಬೆಳೆದ ಊರಿದು. ಅಲ್ಲಿ ಭಾಗವತರು ಹಾಡಿದ ಪದವನ್ನು, ಕೂತು ಮಾತಲ್ಲೇ ಪಾತ್ರ ಕಟ್ಟುವ ಅರ್ಥಧಾರಿ ಎಷ್ಟು ಬೇಕಾದರೂ ಹಿಗ್ಗಿಸಲಿ, ಪದ ಬಿಟ್ಟು ಹೊರಗೆ ಅಲೆದರೆ ಸಭೆ ಕೆಮ್ಮತೊಡಗುತ್ತದೆ. ಇಲ್ಲಿ ಚೀಟಿಯೇ ಪದ. ಕೇಳುವವರ ಕೈಯಲ್ಲಿರುವ ಅಂಕಿಯಿಂದ ಹೊರಟ ಕಥೆಯನ್ನು ಅವರು ಮರುದಿನ ಹಟ್ಟಿಯಲ್ಲೇ ಪರೀಕ್ಷಿಸಬಹುದು. ಅಧ್ಯಕ್ಷರ ಎರಡಾಣೆಗೆ ಆ ಸೌಕರ್ಯ ಇರಲಿಲ್ಲ. ಅವರ ಕಂಠವೇನೋ ಕಾರ್ಯದರ್ಶಿಯದಕ್ಕಿಂತ ಚೆನ್ನಾಗಿತ್ತು!

ಕಥೆಯಲ್ಲಿ ಒಂದು ತೂತು ಉಳಿದಿತ್ತು. ಈವರೆಗೆ ತಪ್ಪೆಲ್ಲ ಹಟ್ಟಿಯದ್ದೇ. ಹಿರಿಯರೊಬ್ಬರು ಹಿಡಿದರು: “ಸ್ಯಾಂಪಲ್ ತೆಗೆಯುವಾಗ ಕಲಕುವುದು ಯಾರ ಕೆಲಸ ಮಾರಾಯ್ರೆ?”

“ನಮ್ಮದು,” ಎಂದರು ಕಾರ್ಯದರ್ಶಿ, ಪೀಠಿಕೆಯಿಲ್ಲದೆ. ಹಾಲು ತಂದವರ ಕಣ್ಣೆದುರೇ ಕಲಕಿ ಸ್ಯಾಂಪಲ್ ತೆಗೆಯಬೇಕೆಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡು ಸಭೆ ಲಾಭ ವಿಲೇವಾರಿಗೆ ಹೋಯಿತು.