ಹಸಿರು ಬಟನ್ ಒತ್ತಿದ್ದೆ, ಮೂಲೆ ಕಂಬ ಇಳಿಯಿತು

‘ಟಕ್’ ಅಂತ ಒಂದೇ ಸದ್ದು. ಆಗಿ ವರ್ಷ ಕಳೆದಿದೆ. ಈಗಲೂ ಹಳೇ ಮನೆಯೊಂದರ ಮುಂದೆ ನಿಂತರೆ ಕಿವಿಯಲ್ಲಿ ಅದೇ ಕೇಳುತ್ತದೆ.

ನಾನು ಇಂಗ್ಲೆಂಡಿನಲ್ಲಿ ಹಳೇ ಕಟ್ಟಡಗಳ ಸರ್ವೇ ಮಾಡುತ್ತೇನೆ. ಇದು ನಡೆದದ್ದು ಸಫೋಕ್‌ನ ಒಂದು ಹಳ್ಳಿಯಲ್ಲಿ. ಗ್ರೇಡ್ 2 ಲಿಸ್ಟೆಡ್ (ಅಂದರೆ ಪಾರಂಪರಿಕ ಪಟ್ಟಿಯಲ್ಲಿರುವ, ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲದ) ರೈತರ ಮನೆ, ಪೂರ್ತಿ ಓಕ್ ಮರದ ಚೌಕಟ್ಟು. ಅಟ್ಟ ಹತ್ತಿ ಟಾರ್ಚ್ ಬಿಟ್ಟರೆ ಪಕಾಸಿಗಳೆಲ್ಲ ಮಸಿ ಹಿಡಿದು ಕರ್ರಗಿವೆ. ಅಂದರೆ ಮೊದಲು ಇಲ್ಲಿ ಚಿಮಣಿಯೇ ಇರಲಿಲ್ಲ. ನಡುಮನೆಯ ನೆಲದ ಮೇಲೆ ಬೆಂಕಿ ಉರಿಯುತ್ತಿತ್ತು, ಹೊಗೆ ನೇರ ಸೂರಿಗೆ ಏರುತ್ತಿತ್ತು. ಇಟ್ಟಿಗೆ ಚಿಮಣಿ, ಮಹಡಿ ಎಲ್ಲ ಆಮೇಲೆ ಸೇರಿಸಿದ್ದು. ಕಂಬ, ತೊಲೆಗಳ ಮೇಲೆ ಬಡಗಿಗಳು ಕೊರೆದ ರೋಮನ್ ಅಂಕಿಗಳು ಈಗಲೂ ಇವೆ. ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಗುರುತು ಹಾಕಿ, ಬಿಚ್ಚಿ ತಂದು ಜಾಗದಲ್ಲಿ ನಿಲ್ಲಿಸುತ್ತಿದ್ದರು. 4 ಅನ್ನು ನಾಲ್ಕು ಗೆರೆ ಎಳೆದೇ ಬರೆದಿರುತ್ತಾರೆ. ಆ ಗೆರೆಗಳ ಮೇಲೆ ಬೆರಳಾಡಿಸದೆ ನಾನು ಯಾವ ಮನೆಯಿಂದಲೂ ಹೊರಟಿಲ್ಲ.

ಕಂಬಗಳ ನಡುವಿನ ಗೋಡೆ ನಮ್ಮ ತಡಿಕೆ ಗೋಡೆಯ ಹಾಗೇ. ಕಡ್ಡಿ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ್ದು. ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜನ ಕೊಟ್ಟಿಗೆಗೂ ಹೀಗೇ ಮೆತ್ತುತ್ತಿದ್ದರು. ಇಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ. ತೇವ ಹೀರುತ್ತದೆ, ಗಾಳಿ ಬಿಸಿಲಿಗೆ ಬಿಟ್ಟುಕೊಡುತ್ತದೆ. ಆದರೆ ಕಳೆದ ಶತಮಾನದಲ್ಲಿ ಯಾರೋ ಜಾಲರಿ ಹೊಡೆದು ಸಿಮೆಂಟ್ ಬಳಿದಿದ್ದರು. ಮರ ಮಳೆಗೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಹೋಗಲಾರದೆ ಬಿರುಕು ಬಿಡುತ್ತದೆ. ಒಳಗೆ ಹೋದ ನೀರಿಗೆ ವಾಪಸ್ ದಾರಿ ಇಲ್ಲ, ಇಳಿದು ಸೋಲ್ ಪ್ಲೇಟ್‌ನಲ್ಲಿ, ಅಂದರೆ ಕಂಬಗಳೆಲ್ಲ ನಿಂತಿರುವ ಬುಡದ ಅಡ್ಡ ತೊಲೆಯಲ್ಲಿ, ಕೂರುತ್ತದೆ.

ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪಿದೆ. ಇವತ್ತಿಗೂ ಚುಚ್ಚುವುದು ಅದೇ.

ಆ ಸಿಮೆಂಟ್ ಕಿತ್ತು ಸುಣ್ಣದ ಗಾರೆ ಹಾಕಬೇಕಿತ್ತು. ಅದಕ್ಕೆ ಮುಂಚಿನ ಸರ್ವೇಗೆ ಕೊಟ್ಟದ್ದು ಅರ್ಧ ದಿನ. ಟ್ಯಾಬ್‌ನ ಫಾರ್ಮ್‌ನಲ್ಲಿ ಮೂರೇ ಬಟನ್: ಕೆಂಪು, ಹಳದಿ, ಹಸಿರು. ಹಸಿರು ಅಂದರೆ ಚೆನ್ನಾಗಿದೆ ಅಂತ. ‘ನೋಡಲು ಆಗಲಿಲ್ಲ’ ಅನ್ನುವುದಕ್ಕೆ ಬಟನ್ನೇ ಇಲ್ಲ. ಸೋಲ್ ಪ್ಲೇಟ್‌ನ ಒಳಮುಖ ಮಾತ್ರ ಕಾಣುತ್ತಿತ್ತು. ಸುತ್ತಿಗೆಯ ಹಿಡಿಯಿಂದ ತಟ್ಟಿದೆ, ಗಟ್ಟಿ ಅನ್ನಿಸಿತು. ತೇವ ಅಳೆಯುವ ಮೀಟರ್ ಚುಚ್ಚಿದೆ, ಶೇ. 17 ತೋರಿಸಿತು, ಅಂದರೆ ಒಣಗಿದ ಮರ. ಹಸಿರು ಒತ್ತಿದೆ. ಹೊರಗೆ ಒಂದು ಅಡಿ ಬಿಚ್ಚಿ ನೋಡೋಣ ಅಂದರೆ ಕೌನ್ಸಿಲ್ ಒಪ್ಪಿಗೆಗೆ ವಾರಗಟ್ಟಲೆ ಕಾಯಬೇಕು, ಸುಮ್ನೆ ಕೆಲಸ ತಡ ಅಂದುಕೊಂಡೆ. ಮ್ಯಾನೇಜರ್ ಎಸ್ಟಿಮೇಟ್ ನೋಡಿ, “ಹಸಿರು ಇದೆಯಲ್ಲ, ಅಕ್ರೋಗೆ ಯಾಕೆ ದುಡ್ಡು?” ಅಂತ ಆ ಸಾಲು ತೆಗೆದರು. ಅಕ್ರೋ ಅಂದರೆ ತಿರುಗಿಸಿ ಎತ್ತರಿಸುವ ಉಕ್ಕಿನ ಆಸರೆ ಕಂಬ. ನಾನು ವಾದ ಮಾಡಲಿಲ್ಲ.

ಕೆಲಸದ ದಿನ ಹತ್ತೂವರೆಗೆ ಈಶಾನ್ಯ ಮೂಲೆಯಲ್ಲಿ ಸಿಮೆಂಟ್ ಕೀಳಲು ಶುರು ಮಾಡಿದರು. ದೊಡ್ಡದೊಂದು ಚಪ್ಪಡಿ ಜಾಲರಿ ಸಮೇತ ಕಳಚಿತು. ಅದರ ಹಿಂದೆಯೇ ಗೋಣಿಯಿಂದ ತೌಡು ಸುರಿದ ಹಾಗೆ ಕಂದು ಪುಡಿ ಸುರಿಯಿತು. ಸೋಲ್ ಪ್ಲೇಟ್ ಅನ್ನುವುದು ಅಲ್ಲಿ ಇರಲೇ ಇಲ್ಲ. ಉಳಿದಿದ್ದು ಒಳಗಡೆ ಎರಡು ಬೆರಳು ದಪ್ಪದ ಸಿಪ್ಪೆ. ನಾನು ತಟ್ಟಿದ್ದು ಆ ಸಿಪ್ಪೆಯನ್ನು. ಮೂಲೆ ಕಂಬದ ಬುಡ ಗಾಳಿಯಲ್ಲಿ ನಿಂತಿತ್ತು. ಅಷ್ಟು ವರ್ಷ ಅದಕ್ಕೆ ಆಸರೆ ಆಗಿದ್ದದ್ದು ನಾವು ಆಗಷ್ಟೇ ಕಿತ್ತ ಸಿಮೆಂಟ್.

ಆಗ ಬಂತು ಆ ಟಕ್. ಮಹಡಿಯಲ್ಲಿ ಮಣ್ಣು ಉದುರಿದ ಸದ್ದು. ಅಲ್ಲಿ ಮನೆಯ ಒಡತಿ ಇದ್ದರು, ಎಂಬತ್ತು ದಾಟಿದ ಅಜ್ಜಿ.

ನನಗೆ ಕಾಲು ಕದಲಲಿಲ್ಲ. ಹಿರಿಯ ಬಡಗಿ “ಯಾರೂ ಏನೂ ಮುಟ್ಟಬೇಡಿ” ಅಂತ ಕೂಗಿ ವ್ಯಾನಿಗೆ ಓಡಿದರು. ಆ ಕೂಗಿಗೆ ನನಗೆ ಎಚ್ಚರ ಬಂತು. ಒಳಗೆ ಓಡಿದೆ. ಅಜ್ಜಿ ಒಂದೊಂದು ಮೆಟ್ಟಿಲಿಗೂ ನಿಂತು “ಬೆಕ್ಕು ಎಲ್ಲಿ?” ಅಂತ ಕೇಳುತ್ತಿದ್ದರು. ಅವರ ಕೈ ಹಿಡಿದು ಇಳಿಸುವಾಗ ನನ್ನ ಕೈ ಅವರದ್ದಕ್ಕಿಂತ ಜಾಸ್ತಿ ನಡುಗುತ್ತಿತ್ತು. ಅವರನ್ನು ಹುಲ್ಲಿನ ಮೇಲೆ ಕೂರಿಸಿ ಬಂದು ಅಳೆದೆ. ಕಂಬ 8 ಮಿ.ಮೀ. ಇಳಿದಿತ್ತು. ಪೆನ್ಸಿಲ್ ಗೆರೆ ಹಾಕಿದೆ. ಒಂದು ನಿಮಿಷ ಬಿಟ್ಟು ನೋಡಿದೆ, 8. ಇನ್ನೊಂದು ನಿಮಿಷ, 8. ಬಡಗಿ ತಮ್ಮ ಸ್ವಂತದ ಎರಡು ಅಕ್ರೋಗಳನ್ನು ತೊಲೆಯ ಕೆಳಗೆ ಕೊಟ್ಟು ತಿರುಗಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿತ್ತು. ಆ ಇಪ್ಪತ್ತು ನಿಮಿಷ ನಾನು ಗೆರೆಯಿಂದ ಕಣ್ಣು ತೆಗೆಯಲಿಲ್ಲ.

ಮನೆ ಯಾಕೆ ಬೀಳಲಿಲ್ಲ ಅಂತ ಬಡಗಿ ಆಮೇಲೆ ತೋರಿಸಿದರು. ಕಂಬದಿಂದ ಮೇಲಿನ ತೊಲೆಗೆ ಬಾಗಿ ಹೋದ ಓರೆ ಮರ (ಬ್ರೇಸ್), ಅದರ ಕೀಲುಗಳಲ್ಲಿ ಹೆಬ್ಬೆರಳು ದಪ್ಪದ ಓಕ್ ಗೂಟಗಳು. ಒಂದು ಮೊಳೆಯೂ ಇಲ್ಲ. ಬುಡ ಹೋದಾಗ ಭಾರವೆಲ್ಲ ಆ ಗೂಟಗಳ ಮೂಲಕ ಪಕ್ಕದ ಕಂಬಕ್ಕೆ ದಾಟಿತ್ತು. ಐನೂರು ವರ್ಷದ ಹಿಂದೆ ಯಾರೋ ಅಷ್ಟು ನಿಗಾ ಇಟ್ಟು ಜಡಿದ ಗೂಟ. ನಾನು ಅರ್ಧ ಗಂಟೆಯ ನಿಗಾ ಕೊಡಲಿಲ್ಲ ಅಲ್ವಾ, ಅದು ನೆನಪಾದಾಗ ಈಗಲೂ ಗಂಟಲು ಕಟ್ಟುತ್ತದೆ.

ಹಸಿ ಓಕ್‌ನ ಹೊಸ ಸೋಲ್ ಪ್ಲೇಟ್ ಕೂರಿಸಿದರು. ಕಂಬದಲ್ಲಿ ಕೊಳೆತ ಬುಡ ಮಾತ್ರ ಕತ್ತರಿಸಿ, ಹೊಸ ಮರದ ತುಂಡನ್ನು ಓರೆ ಕೀಲಿನಿಂದ ಬೆಸೆದು ಸ್ಕಾರ್ಫ್ ಹಾಕಿದರು. ಮೇಲೆ ಮೂರು ಕೋಟ್ ಸುಣ್ಣದ ಗಾರೆ. ಬೆಕ್ಕು ಸಂಜೆ ತಾನೇ ಬಂತು.

ಈಗ ನನ್ನ ಚೀಲದಲ್ಲಿ ಒಂದು ದಬ್ಬಳ ಇರುತ್ತದೆ. ಮೀಟರ್‌ಗಿಂತ ಮೊದಲು ಅದು ಹೊರಗೆ ಬರುತ್ತದೆ. ಫಾರ್ಮ್‌ಗೆ ನಾಲ್ಕನೇ ಬಟನ್ ಹಾಕಿ ಅಂತ ಆಫೀಸಿಗೆ ಎರಡು ಸಲ ಮೇಲ್ ಮಾಡಿದ್ದೇನೆ, ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಇಂಥ ಮನೆಗಳ ರಿಪೋರ್ಟ್‌ನ ಮೊದಲ ಪುಟದ ಮೇಲೆ ನಾನೇ ಕೈಯಲ್ಲಿ ಬರೆಯುತ್ತೇನೆ: ‘ಹೊರಮುಖ ನೋಡಿಲ್ಲ. ಅಕ್ರೋ ಇಲ್ಲದೆ ಸಿಮೆಂಟ್ ಮುಟ್ಟಬೇಡಿ.’